ಲೋಳೆಸರ: ಹಳದಿ ನೀರು ಬೇರೆ, ಲೋಳೆ ಬೇರೆ

ಹೋದ ಸಲ ಈ ಪುಟದಲ್ಲಿ ಲೋಳೆಸರದ ಬಗ್ಗೆ ನಾಲ್ಕೇ ಸಾಲು ಬರ್ದಿದ್ದೆ, ಎಲೆಯಿಂದ ಲೋಳೆ ತೆಗೆಯೋ ಮುಂಚೆ ಹಳದಿ ನೀರು ಇಳಿಸಿಬಿಡಿ ಅಂತ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂದ್ಕೊಂಡಿರಲಿಲ್ಲ. ಅರ್ಧಕ್ಕರ್ಧ ಜನ ಕೇಳಿರೋದು "ಯಾವ ಹಳದಿ ನೀರು?" ಅಂತ. ಅಂದ್ರೆ ಇಷ್ಟು ದಿನ ಅದನ್ನೂ ಸೇರಿಸ್ಕೊಂಡೇ ಕುಡೀತಿದ್ರಿ, ಹಚ್ಕೋತಿದ್ರಿ ಅಂತಾಯ್ತು. ಹಾಗಾಗಿ ಈ ಸಲ ಪುಟ ಪೂರ್ತಿ ಲೋಳೆಸರಕ್ಕೇ. ನಾನು ಡಾಕ್ಟರ್ ಅಲ್ಲ ಅನ್ನೋದು ಹಳೇ ಓದುಗರಿಗೆ ಗೊತ್ತೇ ಇದೆ, ಫಾರ್ಮಸಿ ಓದಿ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ವರ್ಷಗಟ್ಟಲೆ ನಿಂತವಳು, ಮನೇಲಿ ಹತ್ತು ಹನ್ನೆರಡು ಕುಂಡದಲ್ಲಿ ಇದೇ ಗಿಡ ಸಾಕ್ಕೊಂಡಿರೋಳು, ಅಷ್ಟೆ.

ಪ್ರಶ್ನೆ: ಮೇಡಂ, ಮೂರು ವಾರದಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಲೋಳೆಸರದ ಎಲೆ ಮುಳ್ಳು ಮಾತ್ರ ತೆಗೆದು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ ಕುಡೀತಿದೀನಿ, ತೂಕ ಇಳಿಯುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ಒಂದೂವರೆ ಕೆಜಿ ಇಳಿದಿರೋದು ನಿಜ. ಆದ್ರೆ ಸಂಜೆ ಆಯ್ತು ಅಂದ್ರೆ ಹೊಟ್ಟೆ ಹಿಂಡಿದ ಹಾಗೆ ನೋವು, ಮೂರ್ನಾಲ್ಕು ಸಲ ಬಾತ್‌ರೂಮಿಗೆ ಓಡ್ಬೇಕು. ಅದು ದೇಹದ ಕಲ್ಮಶ ಹೊರಗೆ ಹೋಗ್ತಿರೋದು, ಹೆದರ್ಬೇಡಿ ಅಂತಾರೆ. ಮುಂದುವರಿಸ್ಲಾ?
- ಹೆಸರು ಬೇಡ ಅಂದಿದ್ದಾರೆ

ಉತ್ತರ: ನಿಲ್ಸಿ. ನಾಳೆಯಿಂದ ಅಲ್ಲ, ಇವತ್ತಿಂದಾನೇ. ಹೋಗ್ತಿರೋದು ಕಲ್ಮಶ ಅಲ್ಲ ತಾಯಿ, ನೀರು, ನೀರಿನ ಜೊತೆ ನಿಮ್ಮ ಮೈಯಲ್ಲಿರೋ ಪೊಟ್ಯಾಶಿಯಂ, ಅಂದ್ರೆ ಸ್ನಾಯು, ಹೃದಯ ಸರಿಯಾಗಿ ಕೆಲಸ ಮಾಡೋಕೆ ಬೇಕಾದ ಲವಣ. ತೂಕ ಇಳಿದಿದೆ ಅಂತ ಖುಷಿಪಟ್ರಲ್ಲ, ಅದೂ ಬಹುಪಾಲು ನೀರಿನ ತೂಕವೇ, ಬೊಜ್ಜು ಇದ್ದಲ್ಲೇ ಇದೆ.

ಯಾಕೆ ಹೀಗಾಯ್ತು ಅಂತ ತಿಳ್ಕೋಬೇಕಾದ್ರೆ ಒಂದು ಎಲೆ ಬುಡದಲ್ಲಿ ಅಡ್ಡ ಕತ್ತರಿಸಿ, ಕತ್ತರಿಸಿದ ಕಡೆ ಕಣ್ಣಿನ ಹತ್ರ ಹಿಡ್ಕೊಂಡು ನೋಡಿ. ಹೊರಗೆ ದಪ್ಪ ಹಸಿರು ಸಿಪ್ಪೆ. ಒಳಗೆ ಗಾಜಿನ ಥರ ತಿಳಿಯಾದ ಲೋಳೆ. ಇವೆರಡರ ಮಧ್ಯೆ, ಸಿಪ್ಪೆಗೆ ಅಂಟ್ಕೊಂಡ ಹಾಗೆ, ಸುತ್ತಲೂ ಸಾಲಾಗಿ ಸಣ್ಣ ಸಣ್ಣ ಚುಕ್ಕೆ ಕಾಣುತ್ತೆ, ಸ್ವಲ್ಪ ಹೊತ್ತು ಕಾದ್ರೆ ಆ ಒಂದೊಂದು ಚುಕ್ಕೆಯಿಂದಲೂ ಹಳದಿ ಹನಿ ಉಬ್ಬಿ ಬರುತ್ತೆ, ಬೆರಳಿಗೆ ಅಂಟುತ್ತೆ, ಒಂಥರಾ ಘಾಟು ವಾಸನೆ, ಬಟ್ಟೆಗೆ ಬಿದ್ರೆ ಕಲೆ ಹೋಗಲ್ಲ. ನಾಲಿಗೆ ತುದಿಗೆ ಇಟ್ರೆ ಕಹಿ ಅಂದ್ರೆ ಅಂಥಿಂಥ ಕಹಿ ಅಲ್ಲ, ನಾನು ಓದೋವಾಗ ಲ್ಯಾಬಲ್ಲಿ ಗೆಳತಿಯರ ಜೊತೆ ಪಂಥ ಕಟ್ಟಿ ಒಂದು ಹನಿ ನೆಕ್ಕಿ ಮಧ್ಯಾಹ್ನದ ಊಟವೂ ರುಚಿಸದೆ ಕೂತಿದ್ದೆ. ಈ ಹಳದಿ ರಸದಲ್ಲಿ ಅಲೋಯಿನ್ ಅನ್ನೋ ಪದಾರ್ಥ ಇದೆ. ಅದು ಭೇದಿ ಔಷಧಿ, ಅದರಲ್ಲೂ ಜೋರಾದ ಭೇದಿ ಔಷಧಿ.

ಇದರ ಕೆಲಸ ಒಂಚೂರು ವಿಚಿತ್ರ. ಹೊಟ್ಟೇಲಾಗ್ಲಿ ಸಣ್ಣ ಕರುಳಲ್ಲಾಗ್ಲಿ ಇದು ಸುಮ್ನಿರುತ್ತೆ, ದೊಡ್ಡ ಕರುಳಿಗೆ ಹೋಗಿ ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಒಡೆದ ಮೇಲೇ ಎಚ್ಚರ ಆಗೋದು. ಆಮೇಲೆ ಕರುಳಿನ ಗೋಡೆ ಕೆರಳಿಸಿ, ನೀರು ಹೀರ್ಕೊಳ್ಳೋಕೆ ಬಿಡದೆ, ಎಲ್ಲಾನೂ ಕೆಳಗೆ ತಳ್ಳುತ್ತೆ. ಇದಕ್ಕೆಲ್ಲ ಆರರಿಂದ ಹನ್ನೆರಡು ಗಂಟೆ ಬೇಕು. ನೀವು ಬೆಳಿಗ್ಗೆ ಕುಡಿದಿದ್ದು ಸಂಜೆ ಹಿಂಡೋದು ಅದಕ್ಕೇ. ಎಷ್ಟೋ ಜನ ಸಂಜೆ ಹೊಟ್ಟೆನೋವಿಗೆ ಮಧ್ಯಾಹ್ನ ತಿಂದಿದ್ದನ್ನ ಬೈಕೊಂಡು ಕೂತಿರ್ತಾರೆ, ಬೆಳಗಿನ ಜ್ಯೂಸ್ ಮೇಲೆ ಯಾರಿಗೂ ಅನುಮಾನವೇ ಬರಲ್ಲ.

ಇದನ್ನ ನಾನೊಬ್ಬಳೇ ಹೇಳ್ತಿರೋದಲ್ಲ. ಅಮೆರಿಕದಲ್ಲಿ ಡಾಕ್ಟರ್ ಚೀಟಿ ಇಲ್ದೆ ಮಾರೋ ಭೇದಿ ಔಷಧಿಗಳಲ್ಲಿ ಈ ಹಳದಿ ರಸ ಇರ್ತಿತ್ತು, ಇದು ಸುರಕ್ಷಿತ ಅಂತ ತೋರ್ಸೋ ಮಾಹಿತಿ ಕಂಪನಿಗಳು ಕೊಡ್ಲಿಲ್ಲ ಅಂತ 2002ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನ ತೆಗೆಸಿಹಾಕ್ತು. ಹಳದಿ ರಸ ತೆಗೆಯದ ಇಡೀ ಎಲೆಯ ಸಾರವನ್ನ ಇಲಿಗಳಿಗೆ ಎರಡು ವರ್ಷ ಕುಡಿಯೋ ನೀರಲ್ಲಿ ಕೊಟ್ಟು ನೋಡಿದಾಗ ದೊಡ್ಡ ಕರುಳಲ್ಲಿ ಗೆಡ್ಡೆ ಕಾಣಿಸ್ಕೊಂಡವು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಇಡೀ ಎಲೆಯ ಸಾರವನ್ನ 2ಬಿ ಗುಂಪಿಗೆ ಸೇರಿಸಿದೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದು ಅನ್ನೋ ಗುಂಪು. ಇಲಿಗೆ ಆಗಿದ್ದು ನಿಮಗೂ ಆಗುತ್ತೆ ಅಂತ ನಾನು ಹೇಳ್ತಿಲ್ಲ, ಹೆದರಿಸೋದೂ ನನಗಿಷ್ಟ ಇಲ್ಲ, ಆದ್ರೆ ಮೂರು ವಾರ ದಿನಾ ಕುಡಿಯೋ ವಸ್ತು ಇದಲ್ಲ. ನಿಲ್ಲಿಸಿದ ಮೇಲೂ ಸುಸ್ತು, ಕಾಲಲ್ಲಿ ಸೆಳೆತ, ಎದೆ ಡವಡವ ಅನ್ನೋದು ಇದ್ರೆ ಡಾಕ್ಟರ್ ಹತ್ರ ಹೋಗಿ ಪೊಟ್ಯಾಶಿಯಂ ಟೆಸ್ಟ್ ಮಾಡಿಸ್ಕೊಳ್ಳಿ, ಏನು ಕುಡೀತಿದ್ದೆ ಅಂತ ಮುಚ್ಚಿಡದೆ ಹೇಳಿ.

ಪ್ರಶ್ನೆ: ಹಾಗಿದ್ರೆ ಹಳದಿ ನೀರು ಬರದ ಹಾಗೆ ಲೋಳೆ ತೆಗೆಯೋದು ಹೇಗಕ್ಕಾ? ನಾನು ತೆಗೆದಾಗೆಲ್ಲ ಕೈ ತುರಿಸುತ್ತೆ. ತೆಗೆದಿಟ್ಟಿದ್ದು ಎಷ್ಟು ದಿನ ಇರುತ್ತೆ?
- ಕಾಲೇಜು ವಿದ್ಯಾರ್ಥಿನಿ

ಉತ್ತರ: ಗಿಡದ ನಡುವಿನ ಎಳೆ ಎಲೆ ಮುಟ್ಬೇಡಿ, ಅದು ಗಿಡದ ಜೀವ. ಹೊರಗಡೆ ಸುತ್ತಿನಲ್ಲಿ ನೆಲದ ಕಡೆ ಬಾಗಿರೋ ದಪ್ಪ ಎಲೆ ಆರಿಸ್ಕೊಂಡು ಬುಡದ ಹತ್ರ ಕತ್ತರಿಸಿ. ಕತ್ತರಿಸಿದ ತಕ್ಷಣ ಸಿಪ್ಪೆ ಹೆರೆಯೋಕೆ ಕೂತ್ಕೋಬೇಡಿ, ಎಲ್ಲರೂ ತಪ್ಪು ಮಾಡೋದು ಅಲ್ಲೇ. ಕತ್ತರಿಸಿದ ಬುಡ ಕೆಳಗೆ ಬರೋ ಹಾಗೆ ಒಂದು ಗ್ಲಾಸಲ್ಲಿ ಎಲೆ ನಿಲ್ಲಿಸಿಬಿಡಿ, ಹದಿನೈದು ನಿಮಿಷ, ಎಲೆ ದಪ್ಪ ಇದ್ರೆ ಅರ್ಧ ಗಂಟೆ. ಗ್ಲಾಸಿನ ತಳದಲ್ಲಿ ಹಳದಿ ನೀರು ನಿಂತಿರುತ್ತೆ, ನೋಡ್ತಾ ನೋಡ್ತಾ ಕಂದು ಬಣ್ಣಕ್ಕೆ ತಿರುಗುತ್ತೆ. ಅದನ್ನ ಚೆಲ್ಲಿ. ಎಲೆ ಚೆನ್ನಾಗಿ ತೊಳೆದು, ಬುಡದ ಕಡೆಯಿಂದ ಒಂದಿಂಚು ಮತ್ತೆ ಕತ್ತರಿಸಿ ಎಸೀರಿ, ಎರಡೂ ಅಂಚಿನ ಮುಳ್ಳು ಉದ್ದಕ್ಕೆ ಸೀಳಿ ತೆಗೀರಿ. ಆಮೇಲೆ ಚಪ್ಪಟೆ ಕಡೆ ಸಿಪ್ಪೆ ಎಬ್ಬಿಸೋವಾಗ ಚಾಕು ಸಿಪ್ಪೆಗೆ ತೀರಾ ಒತ್ತಿ ಹಿಡೀಬೇಡಿ, ಸ್ವಲ್ಪ ಒಳಕ್ಕೆ ಬಿಡಿ, ಒಂಚೂರು ಲೋಳೆ ಸಿಪ್ಪೆ ಜೊತೆ ಹೋದ್ರೆ ಹೋಗ್ಲಿ. ಚಮಚದಲ್ಲಿ ಸಿಪ್ಪೆನ ಕೆರೆದು ಕೆರೆದು ತೆಗೆಯೋರಿದ್ದಾರೆ, ದುಡ್ಡು ಉಳಿಸಿದ ಹಾಗೆ, ಆ ಕೆರೆತದಲ್ಲೇ ಹಳದಿ ಎಲ್ಲಾ ಲೋಳೆಗೆ ಸೇರೋದು. ಕೊನೆಗೆ ಸಿಕ್ಕ ಗಟ್ಟಿ ಲೋಳೆನ ತಣ್ಣೀರಲ್ಲಿ ಎರಡು ಮೂರು ಸಲ ತೊಳೀರಿ. ಹಳದಿ ಛಾಯೆ ಇದ್ರೆ ಇನ್ನೊಂದ್ಸಲ.

ನಿಮ್ಮ ಕೈ ತುರಿಕೆಗೆ ಆ ಹಳದಿ ನೀರೇ ಕಾರಣ ಇರಬಹುದು. ಹೀಗೆ ತೊಳೆದ ಮೇಲೂ ತುರಿಸಿದ್ರೆ ನಿಮಗೆ ಈ ಗಿಡವೇ ಆಗಲ್ಲ ಅಂತ ಅರ್ಥ, ಹಠ ಮಾಡ್ಬೇಡಿ.

ಇಡೋ ವಿಷಯ ಸುಲಭ. ಲೋಳೆಯಲ್ಲಿ ನೂರಕ್ಕೆ 98, 99 ಭಾಗ ನೀರೇ ಇರೋದು, ಉಳಿದ ಚೂರುಪಾರಲ್ಲಿ ಅಸಿಮ್ಯಾನನ್ ಅನ್ನೋ ಸಕ್ಕರೆ ಸರಪಳಿ ಮುಖ್ಯ, ಲೋಳೆಯ ಆ ಜಾರಿಕೆ ಅಂಥಾ ಸರಪಳಿಗಳಿಂದಲೇ. ಇಷ್ಟು ನೀರಿರೋ ವಸ್ತು ಹೊರಗಿಟ್ರೆ ಬೇಗ ಕೆಡುತ್ತೆ. ಮುಚ್ಚಳ ಹಾಕಿ ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ, ಅದಕ್ಕಿಂತ ಜಾಸ್ತಿ ಬೇಕಂದ್ರೆ ಐಸ್ ಟ್ರೇಯಲ್ಲಿ ತುಂಡು ಮಾಡಿ ಫ್ರೀಜರಿಗೆ. ಗುಲಾಬಿ ಬಣ್ಣಕ್ಕೋ ಕಂದು ಬಣ್ಣಕ್ಕೋ ತಿರುಗಿ ಹುಳಿ ವಾಸನೆ ಬಂದ್ರೆ ಗಿಡದ ಬುಡಕ್ಕೇ ಹಾಕಿ.

ಪ್ರಶ್ನೆ: ಮೊನ್ನೆ ಬಿಸಿ ಎಣ್ಣೆ ಹಾರಿ ಕೈ ಮೇಲೆ ಸುಟ್ಕೊಂಡೆ. ಅತ್ತೆ ಲೋಳೆಸರ ತರೋಕೆ ಹೊರಗೆ ಓಡಿದ್ರು, ನಮ್ಮೆಜಮಾನ್ರು ಟೂತ್‌ಪೇಸ್ಟ್ ಹಿಡ್ಕೊಂಡು ಬಂದ್ರು, ನಾದಿನಿ ಐಸ್ ತಂದ್ಲು. ನಾನು ಮೂರೂ ಹಚ್ಕೊಂಡೆ. ಈಗ ಗುಳ್ಳೆ ಎದ್ದಿದೆ. ಯಾರು ಸರಿ?
- ಗೃಹಿಣಿ

ಉತ್ತರ: ಮನೆ ಮಂದಿಯ ಪ್ರೀತಿ ಸರಿ, ಮದ್ದು ಯಾರದ್ದೂ ಮೊದಲ ಕೆಲಸ ಅಲ್ಲ. ಮೊದಲ ಕೆಲಸ ನಲ್ಲಿ ನೀರು. ಹರಿಯೋ ತಂಪು ನೀರಿನ ಕೆಳಗೆ ಸುಟ್ಟ ಜಾಗನ ಇಪ್ಪತ್ತು ನಿಮಿಷ ಹಿಡೀಬೇಕು, ಗಡಿಯಾರ ನೋಡ್ಕೊಂಡು, ಯಾಕಂದ್ರೆ ಸುಟ್ಟೋರಿಗೆ ಎರಡು ನಿಮಿಷಾನೇ ಇಪ್ಪತ್ತು ಅನ್ಸುತ್ತೆ. ಎಣ್ಣೆ ಒರೆಸಿದ್ರೂ ಆ ಬಿಸಿ ಚರ್ಮದೊಳಗೆ ಇಳೀತಾನೇ ಇರುತ್ತೆ, ಅದನ್ನ ಹೊರಗೆ ಎಳೆಯೋದು ನೀರೇ. ಉಂಗುರ ಬಳೆ ಊತ ಬರೋ ಮುಂಚೆ ತೆಗೀಬೇಕು. ಐಸ್ ನೇರವಾಗಿ ಇಟ್ರೆ ಸುಟ್ಟ ಚರ್ಮಕ್ಕೆ ಇನ್ನೊಂದು ಪೆಟ್ಟು, ಟೂತ್‌ಪೇಸ್ಟ್ ಹಚ್ಚಿದ್ರೆ ಬಿಸಿ ಒಳಗೇ ಉಳಿಯುತ್ತೆ, ಆಸ್ಪತ್ರೇಲಿ ಅದನ್ನ ಒರೆಸೋವಾಗ ನೀವು ಕಿರುಚೋದು ಬೇರೆ.

ನೀರಾದ ಮೇಲೆ, ಚರ್ಮ ಬರೀ ಕೆಂಪಾಗಿದೆ, ಉರಿ ಇದೆ, ಗುಳ್ಳೆ ಇಲ್ಲ, ಒಡೆದಿಲ್ಲ ಅಂದ್ರೆ ಆಗ ನಿಮ್ಮ ಅತ್ತೆ ಗೆದ್ರು. ತೊಳೆದ ತಣ್ಣನೆ ಲೋಳೆ ತೆಳ್ಳಗೆ ಹಚ್ಚಿ, ಒಣಗಿದ ಹಾಗೆ ದಿನಕ್ಕೆ ಎರಡು ಮೂರು ಸಲ. ಇದು ಬರೀ ಅಜ್ಜಿ ಮಾತಲ್ಲ, 1935ರಲ್ಲೇ ಎಕ್ಸ್‌ರೇಯಿಂದ ಸುಟ್ಟ ಚರ್ಮಕ್ಕೆ ಹಸಿ ಲೋಳೆಸರ ಹಚ್ಚಿ ವಾಸಿಯಾಗಿದ್ದನ್ನ ಅಮೆರಿಕದ ವೈದ್ಯಕೀಯ ಪತ್ರಿಕೇಲಿ ಬರ್ದಿದ್ರು. 2007ರಲ್ಲಿ ಸುಟ್ಟಗಾಯದ ಮೇಲಿನ ನಾಲ್ಕು ಅಧ್ಯಯನ, ಒಟ್ಟು 371 ರೋಗಿಗಳು, ಎಲ್ಲಾ ಒಟ್ಟಿಗೆ ಸೇರಿಸಿ ನೋಡಿದಾಗ ಲೋಳೆಸರ ಹಚ್ಚಿದೋರ ಗಾಯ ಸರಾಸರಿ ಸುಮಾರು 9 ದಿನ ಮುಂಚೆ ವಾಸಿಯಾಗಿತ್ತು. ಆದ್ರೆ ಒಂದೊಂದು ಅಧ್ಯಯನದಲ್ಲಿ ಹಚ್ಚಿದ್ದು ಒಂದೊಂದು ಥರ, ಒಬ್ಬರು ಕ್ರೀಮು ಒಬ್ಬರು ಹಸಿ ಲೋಳೆ, ಅದಕ್ಕೇ ಈ ಲೆಕ್ಕವನ್ನ ಕಲ್ಲಲ್ಲಿ ಕೆತ್ತಿದ್ದು ಅಂದ್ಕೋಬೇಡಿ.

ಇನ್ನೊಂದು ಮುಖವೂ ಇದೆ, ಅದನ್ನ ಯಾರೂ ಹೇಳಲ್ಲ. 1991ರ ಒಂದು ಅಧ್ಯಯನದಲ್ಲಿ ಸಿಸೇರಿಯನ್ ಥರದ ಹೊಟ್ಟೆ ಆಪರೇಷನ್ ಆಗಿ ಗಾಯ ಬಿಟ್ಕೊಂಡಿದ್ದ ಹೆಂಗಸರಲ್ಲಿ ಮಾಮೂಲಿ ಚಿಕಿತ್ಸೇಲಿ ವಾಸಿಯಾಗೋಕೆ ಸರಾಸರಿ 53 ದಿನ ಹಿಡಿದ್ರೆ, ಲೋಳೆಸರದ ಜೆಲ್ ಹಚ್ಚಿದೋರಿಗೆ 83 ದಿನ ಹಿಡೀತು. ಅಂದ್ರೆ ಮೇಲ್ಮೈ ಉರಿಗೆ ಒಳ್ಳೇದಾದ ಮಾತ್ರಕ್ಕೆ ಆಳದ ಗಾಯಕ್ಕೂ ಒಳ್ಳೇದು ಅಂತ ಇಲ್ಲ. ನಿಮ್ಮ ಗುಳ್ಳೆ ಒಡೀಬೇಡಿ, ಅದರ ಮೇಲೆ ಲೋಳೆನೂ ಬೇಡ, ಅಡುಗೆಮನೆ ಚಾಕುವಲ್ಲಿ ಕತ್ತರಿಸಿದ ಎಲೆ ಎಷ್ಟೇ ತೊಳೆದ್ರೂ ಬ್ಯಾಕ್ಟೀರಿಯಾ ಇದ್ದೇ ಇರುತ್ತೆ. ಅಂಟದ ಬ್ಯಾಂಡೇಜ್ ಸಡಿಲವಾಗಿ ಕಟ್ಟಿ. ನಿಮ್ಮ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ರೆ, ಮುಖ, ಬೆರಳ ಸಂದು, ಕೀಲಿನ ಮೇಲೆ ಆಗಿದ್ರೆ, ಚರ್ಮ ಬೆಳ್ಳಗೋ ಕರ್ರಗೋ ಆಗಿ ನೋವೇ ಗೊತ್ತಾಗ್ತಿಲ್ಲ ಅಂದ್ರೆ, ಕರೆಂಟ್ ಇಲ್ಲಾ ಆಸಿಡ್ ಸುಟ್ಟಿದ್ರೆ, ಗಿಡದ ಹತ್ರ ಅಲ್ಲ, ಆಸ್ಪತ್ರೆ ಹತ್ರ ಓಡ್ಬೇಕು.

ಪ್ರಶ್ನೆ: ರೋಡ್ ಪಕ್ಕ ಬೆಳೆದಿದ್ದ ದೊಡ್ಡ ಲೋಳೆಸರದ ಎಲೆ ಕಿತ್ಕೊಂಡು ಬಂದು ಮುಖಕ್ಕೆ ತಿಕ್ಕಿದೆ ಸರ್, ಸಾರಿ ಮೇಡಂ. ಹತ್ತು ನಿಮಿಷಕ್ಕೆ ಮುಖ ಪೂರ್ತಿ ಕೆಂಪು, ಸೂಜಿ ಚುಚ್ಚಿದ ಹಾಗೆ ಉರಿ. ಎಲೆ ಒಳಗೆ ಲೋಳೆ ಕಮ್ಮಿ, ನಾರು ಜಾಸ್ತಿ ಇತ್ತು. ನನ್ನ ಗ್ರಹಚಾರವಾ?
- ಬ್ಯಾಚುಲರ್

ಉತ್ತರ: ಗ್ರಹಚಾರ ಅಲ್ಲ, ಕತ್ತಾಳೆ! ನಾರು ಜಾಸ್ತಿ ಇತ್ತು ಅಂತ ನೀವೇ ಬರ್ದಿದ್ದೀರಲ್ಲ, ಆ ನಾರಿಗೋಸ್ಕರಾನೇ, ಹಗ್ಗ ಹೊಸೆಯೋಕೆ ಅಂತಾನೇ ಜನ ಕತ್ತಾಳೆ ಬೆಳೆಸೋದು. ದೂರದಿಂದ ನೋಡಿದ್ರೆ ಎರಡೂ ಅಣ್ಣತಮ್ಮ ಇದ್ದ ಹಾಗೆ, ಸುತ್ತಲೂ ಮುಳ್ಳಂಚಿನ ದಪ್ಪ ಎಲೆ. ಆದ್ರೆ ಕತ್ತಾಳೆ ಎಲೆಯ ತುದೀಲಿ ಸೂಜಿ ಥರ ಗಟ್ಟಿ ಮುಳ್ಳಿರುತ್ತೆ, ಲೋಳೆಸರದ ತುದಿ ಮೆತ್ತಗೆ. ಕತ್ತಾಳೆ ಎಲೆ ಮುರಿಯೋಕೆ ಹೋದ್ರೆ ನಾರು ಎಳ್ಕೊಂಡು ಬರುತ್ತೆ, ಲೋಳೆಸರ ಪಟ್ ಅಂತ ಮುರಿದು ಲೋಳೆ ಸುರಿಯುತ್ತೆ. ಹೂವಿನ ವಿಷಯದಲ್ಲೂ ಅಷ್ಟೆ, ಲೋಳೆಸರ ವರ್ಷ ವರ್ಷ ಹೂ ಬಿಡುತ್ತೆ, ಕತ್ತಾಳೆ ಜೀವಮಾನಕ್ಕೆ ಒಂದೇ ಸಲ ಹೂ ಬಿಟ್ಟು ಸಾಯುತ್ತೆ. ಕತ್ತಾಳೆ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು, ನಿಮಗೆ ಸೂಜಿ ಚುಚ್ಚಿದ ಹಾಗೆ ಅನ್ಸಿದ್ದು ಕಲ್ಪನೆ ಅಲ್ಲ, ನಿಜವಾಗ್ಲೂ ಚುಚ್ಚಿದೆ. ತಿಕ್ಕದೆ ಸೋಪು ನೀರಲ್ಲಿ ತೊಳೀರಿ, ಕಣ್ಣಿಗೆ ಹೋಗಿದ್ರೆ ಬರೀ ನೀರಲ್ಲಿ ತುಂಬಾ ಹೊತ್ತು ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ. ಇನ್ಮೇಲೆ ರೋಡ್ ಪಕ್ಕದ ಗಿಡದ ಸಹವಾಸ ಬೇಡ.

ಪ್ರಶ್ನೆ: ನಮ್ಮಪ್ಪನಿಗೆ 68 ವರ್ಷ. ಶುಗರ್ ಮಾತ್ರೆ, ಬಿಪಿಗೆ ಮೂತ್ರ ಹೋಗೋ ಮಾತ್ರೆ, ಹಾರ್ಟಿಗೆ ಡಿಗಾಕ್ಸಿನ್ ತಗೋತಾರೆ. ಮಲಬದ್ಧತೆ ಜಾಸ್ತಿ ಅಂತ ಯಾರೋ ಹೇಳಿದ್ದು ಕೇಳಿ ಕರಿಬೋಳ ತರಿಸ್ಕೊಂಡಿದ್ದಾರೆ, ಕಪ್ಪಗೆ ಹರಳಿನ ಥರ ಇದೆ. ಲೋಳೆಸರದಿಂದ್ಲೇ ಮಾಡೋದಂತೆ, ಗಿಡಮೂಲಿಕೆ ಏನೂ ಮಾಡಲ್ಲ ಅಂತ ಹಠ. ಕೊಡಬಹುದಾ?
- ಮಗಳು

ಉತ್ತರ: ಕೊಡ್ಬೇಡಿ. ಸಾಧ್ಯ ಆದ್ರೆ ಅವರ ಕೈಗೆ ಸಿಗದ ಕಡೆ ಎತ್ತಿಡಿ.

ಕರಿಬೋಳ ಅಂದ್ರೆ ಮೇಲೆ ಹೇಳಿದ್ನಲ್ಲ ಆ ಹಳದಿ ರಸಾನೇ, ಒಣಗಿಸಿ ಗಟ್ಟಿ ಮಾಡಿದ್ದು. ಹನಿಯಲ್ಲಿದ್ದ ಜೋರು ಹರಳಲ್ಲಿ ಒಟ್ಟಾಗಿರುತ್ತೆ. ಈ ರಸ ದಿನಕ್ಕೆ 1 ಗ್ರಾಂನಂತೆ ಕೆಲವು ದಿನ ಹೊಟ್ಟೆಗೆ ಹೋದ್ರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಜೀವಕ್ಕೇ ಅಪಾಯ ಆಗಬಹುದು. 1 ಗ್ರಾಂ ಅಂದ್ರೆ ಚಿಟಿಕೆಯಲ್ಲಿ ಹಿಡಿಯೋವಷ್ಟು.

ನಿಮ್ಮಪ್ಪನ ಮಾತ್ರೆ ಲಿಸ್ಟ್ ನೋಡಿ ನನಗೆ ಭಯ ಆಗಿದ್ದು ಅದಕ್ಕಲ್ಲ. ಮೂತ್ರದ ಮಾತ್ರೆಗಳಲ್ಲಿ ಬಹಳಷ್ಟು ಪೊಟ್ಯಾಶಿಯಂ ಇಳಿಸೋ ಜಾತಿ. ಕರಿಬೋಳ ಭೇದಿ ಮಾಡಿಸಿ ಇನ್ನಷ್ಟು ಇಳಿಸುತ್ತೆ. ಪೊಟ್ಯಾಶಿಯಂ ಇಳಿದ ಮೈಯಲ್ಲಿ ಡಿಗಾಕ್ಸಿನ್ ಇದ್ದಕ್ಕಿದ್ದಂಗೆ ವಿಷದ ಥರ ಕೆಲಸ ಮಾಡೋಕೆ ಶುರು ಮಾಡುತ್ತೆ, ಮಾತ್ರೆ ಅದೇ, ಪ್ರಮಾಣ ಅದೇ, ಆದ್ರೆ ಹೃದಯದ ಬಡಿತ ತಾಳ ತಪ್ಪುತ್ತೆ. ಮೂರೂ ಸೇರಿದಾಗ ಆಗೋ ಅನಾಹುತ ಇದು, ಒಂದೊಂದೇ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಕೌಂಟರಲ್ಲಿ ನಿಂತಾಗ ನಾನು "ಬೇರೆ ಏನು ತಗೋತೀರಾ?" ಅಂತ ಕೇಳಿದ್ರೆ ಜನ ಮಾತ್ರೆ ಹೆಸರು ಮಾತ್ರ ಹೇಳೋರು, ಕಷಾಯ, ಪುಡಿ, ಜ್ಯೂಸ್ ಯಾವತ್ತೂ ಬಾಯಿಗೆ ಬರ್ತಿರಲಿಲ್ಲ, ಅದೆಲ್ಲ ಔಷಧಿ ಲೆಕ್ಕಕ್ಕೇ ಇಲ್ಲ ಅವರ ಪಾಲಿಗೆ. ಲೆಕ್ಕಕ್ಕೆ ಇಲ್ದೇ ಇದ್ರೆ ಮಲಬದ್ಧತೆಗೆ ಯಾಕಪ್ಪಾ ತಗೋತೀರಾ ಅಂತ ನಿಮ್ಮಪ್ಪನ್ನ ನೀವೇ ಕೇಳಿ ನೋಡಿ.

ಶುಗರ್ ವಿಷಯ. ಲೋಳೆಸರದಿಂದ ಖಾಲಿ ಹೊಟ್ಟೆಯ ಶುಗರ್ ಒಂಚೂರು ಇಳಿದಿದೆ ಅನ್ನೋ ಸಣ್ಣಪುಟ್ಟ ಅಧ್ಯಯನಗಳಿವೆ. ಮಾತ್ರೆಯೂ ಇಳಿಸಿ ಇದೂ ಇಳಿಸಿದ್ರೆ ಶುಗರ್ ತೀರಾ ಕೆಳಗೆ ಹೋಗಿ ಬೆವರಿ ತಲೆ ಸುತ್ತಿ ಬೀಳೋ ಅಪಾಯ ಇದೆ, ಅದಕ್ಕೇ ಡಾಕ್ಟರಿಗೆ ಹೇಳದೆ ಜ್ಯೂಸ್ ಕೂಡ ಬೇಡ. ಮಲಬದ್ಧತೆಗೆ ಈ ಮಾತ್ರೆಗಳ ಜೊತೆ ಹೊಂದೋ ಸೌಮ್ಯವಾದ ಔಷಧಿಗಳಿವೆ, ಕೇಳಿದ್ರೆ ಡಾಕ್ಟರೇ ಬರ್ಕೊಡ್ತಾರೆ, ಅಪ್ಪ ಕೇಳೋಕೆ ನಾಚ್ಕೊಂಡಿರ್ತಾರೆ ಅಷ್ಟೆ, ನೀವು ಜೊತೇಲಿ ಹೋಗಿ.

ಪ್ರಶ್ನೆ: ನಾನೀಗ ಐದು ತಿಂಗಳ ಗರ್ಭಿಣಿ. ಲೋಳೆಸರದ ಜ್ಯೂಸ್ ಕುಡಿದ್ರೆ ಮಗು ಬಣ್ಣ ಬರುತ್ತಂತೆ?

ಉತ್ತರ: ಮಗು ಬಣ್ಣ ನಿಮ್ಮಿಬ್ಬರ ಮನೆತನದಿಂದ ಬರುತ್ತೆ. ಹೊಟ್ಟೆಗೆ ಬೇಡವೇ ಬೇಡ, ಹಳದಿ ರಸದ ಅಂಶ ಇದ್ರೆ ಕರುಳಿನ ಜೊತೆ ಗರ್ಭಕೋಶವನ್ನೂ ಕೆರಳಿಸಬಹುದು. ಹಾಲುಣಿಸೋವಾಗಲೂ ಬೇಡ. ಹೊಟ್ಟೆ ಚರ್ಮ ತುರಿಸಿದ್ರೆ ತೊಳೆದ ಲೋಳೆ ಮೇಲೆ ಹಚ್ಕೋಬಹುದು, ಅದಕ್ಕೇನೂ ಅಡ್ಡಿ ಇಲ್ಲ.

ಪ್ರಶ್ನೆ: ಅಕ್ಕಾ, ಆರು ತಿಂಗಳಿಂದ ವಾರಕ್ಕೆರಡು ಸಲ ತಲೆಗೆ ಲೋಳೆಸರ ಹಚ್ತಿದೀನಿ. ಹೊಟ್ಟು ಕಮ್ಮಿ ಆಗಿದೆ, ಆದ್ರೆ ಮುಂದಲೆ ಕೂದಲು ವಾಪಸ್ ಬಂದಿಲ್ಲ. ಇನ್ನೆಷ್ಟು ದಿನ ಹಚ್ಬೇಕು? ವಯಸ್ಸು 31.

ಉತ್ತರ: ತಮ್ಮಾ, ಹೊಟ್ಟಿಗೆ ಹಚ್ತಾ ಇರು. ಸೆಬೊರಿಕ್ ಡರ್ಮಟೈಟಿಸ್, ಅಂದ್ರೆ ಜಿಡ್ಡು ಹೊಟ್ಟಿನ ಕಾಯಿಲೆಗೆ ಲೋಳೆಸರದ ಎಮಲ್ಷನ್ ನಾಲ್ಕರಿಂದ ಆರು ವಾರ ಹಚ್ಚಿ ತುರಿಕೆ, ಹೊಟ್ಟು ಎರಡೂ ಕಮ್ಮಿಯಾಗಿದ್ದು 1999ರ ಒಂದು ಅಧ್ಯಯನದಲ್ಲಿದೆ. ಮುಂದಲೆ ಕೂದಲು ಬೇರೆ ಕಥೆ, ಅದು ಹಾರ್ಮೋನು ಮತ್ತೆ ವಂಶದ ಲೆಕ್ಕ, ಗಿಡ ಆ ಲೆಕ್ಕಕ್ಕೆ ಕೈ ಹಾಕಲ್ಲ. ಲೋಳೆ ಒಣಗಿದಾಗ ಕೂದಲಿಗೆ ಒಂದು ಪದರ ಕೂತು ದಪ್ಪ ಕಾಣುತ್ತೆ, ತೊಳೆದ್ರೆ ಅದೂ ಹೋಯ್ತು. ಚರ್ಮದ ಡಾಕ್ಟರ್ ಹತ್ರ ಬೇಗ ಹೋದಷ್ಟೂ ಇರೋ ಕೂದಲು ಉಳಿಯುತ್ತೆ, ಇನ್ನೂ ಆರು ತಿಂಗಳು ಕಾಯ್ಬೇಡ.

ಪ್ರಶ್ನೆ: ಅಂಗಡಿ ಬಾಟಲ್ ಮೇಲೆ 100 ಪರ್ಸೆಂಟ್ ಅಂತ ಇರುತ್ತೆ, ಹಸಿರು ಬಣ್ಣ, ಘಮ್ ಅನ್ನುತ್ತೆ. ಮನೆ ಗಿಡಕ್ಕಿಂತ ಅದೇ ಒಳ್ಳೇದಾ? ನನಗೆ ಮೊಡವೆ ಇದೆ.

ಉತ್ತರ: ಲೋಳೆಗೆ ಬಣ್ಣ ಇಲ್ಲ, ಘಮಾನೂ ಇಲ್ಲ. ಹಸಿರಿದ್ರೆ ಬಣ್ಣ ಹಾಕಿದ್ದಾರೆ, ಘಮ್ ಅಂದ್ರೆ ಸೆಂಟು ಹಾಕಿದ್ದಾರೆ, ಮೊಡವೆ ಮುಖಕ್ಕೆ ಎರಡೂ ಬೇಡ. ಬಾಟಲ್ ಮುಂದಿನ ಅಕ್ಷರ ಬಿಡಿ, ಹಿಂದೆ ಸಣ್ಣ ಅಕ್ಷರದಲ್ಲಿರೋ ಪಟ್ಟಿ ನೋಡಿ, ಯಾವುದು ಜಾಸ್ತಿ ಹಾಕಿದ್ದಾರೋ ಅದು ಮೊದಲು ಬರುತ್ತೆ, ಲೋಳೆಸರ ಎಷ್ಟನೇದು ಅಂತ ಎಣಿಸಿ. ಮೊದಲು ನೀರು, ಆಮೇಲೆ ಗಟ್ಟಿ ಮಾಡೋ ಪುಡಿ, ಆಮೇಲೆ ಆಲ್ಕೋಹಾಲ್, ಕೊನೇಲೆಲ್ಲೋ ಲೋಳೆಸರ ಇದ್ರೆ ಆ 100 ಯಾವುದರ 100 ಅಂತ ನನಗೂ ಅರ್ಥ ಆಗಲ್ಲ. ಆದ್ರೆ ಒಳ್ಳೇ ಕಂಪನಿ ಜೆಲ್ಲಿಗೆ ಒಂದು ಅನುಕೂಲ ಇದೆ, ಹಳದಿ ರಸ ಫಿಲ್ಟರ್ ಮಾಡಿ ತೆಗೆದಿರ್ತಾರೆ, ಬೇಗ ಕೆಡಲ್ಲ.

ಯಾವುದೇ ಹಚ್ಚಿ, ಮೊದಲು ಮುಖಕ್ಕಲ್ಲ. ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಕೆಂಪಾದ್ರೆ ಅಲ್ಲಿಗೆ ಬಿಡಿ. ಇನ್ನು ಮೊಡವೆಗೆ ಇದೊಂದೇ ಸಾಕಾಗಲ್ಲ, ಡಾಕ್ಟರ್ ಕೊಟ್ಟ ಕ್ರೀಮ್ ಹಚ್ಚಿ ಚರ್ಮ ಒಣಗಿ ಉರಿಯೋವಾಗ ತಂಪಿಗೆ ಚೆನ್ನಾಗಿರುತ್ತೆ. ಸೋರಿಯಾಸಿಸ್ ಬಗ್ಗೆ ಇಬ್ಬರು ಕೇಳಿದ್ರು, ಅವರಿಗೂ ಇಲ್ಲೇ ಹೇಳ್ಬಿಡ್ತೀನಿ: 1996ರ ಒಂದು ಅಧ್ಯಯನ ಅದ್ಭುತ ಅಂತು, 2005ರ ಇನ್ನೊಂದು ಅಧ್ಯಯನದಲ್ಲಿ ಹೋಲಿಸಿ ನೋಡೋಕೆ ಕೊಟ್ಟ ಲೋಳೆಸರ ಇಲ್ಲದ ಜೆಲ್ಲಿಗಿಂತ ಇದೇನೂ ಮೇಲಲ್ಲ ಅಂತ ಬಂತು. ನಡೀತಿರೋ ಚಿಕಿತ್ಸೆ ಇದನ್ನ ನಂಬ್ಕೊಂಡು ಬಿಡ್ಬೇಡಿ.

ಪ್ರಶ್ನೆ: ನಮ್ಮ ನಾಯಿಮರಿ ಲೋಳೆಸರದ ಎಲೆ ಅಗಿದು ವಾಂತಿ ಮಾಡ್ಕೊಂಡಿದೆ, ಮಂಕಾಗಿ ಮಲಗಿದೆ.

ಉತ್ತರ: ಈ ಪತ್ರಿಕೆ ಅಚ್ಚಾಗಿ ಬರೋವರೆಗೆ ನೀವು ಕಾದಿಲ್ಲ ಅಂದ್ಕೋತೀನಿ! ನಾಯಿ, ಬೆಕ್ಕು ಎರಡಕ್ಕೂ ಲೋಳೆಸರ ವಿಷ, ವಾಂತಿ, ಭೇದಿ, ಮಂಕು ಎಲ್ಲಾ ಅದರಿಂದಲೇ. ಪಶುವೈದ್ಯರಿಗೆ ತೋರಿಸಿ, ಕುಂಡ ಎತ್ತರದಲ್ಲಿಡಿ.

ಪ್ರಶ್ನೆ: ನಿಮ್ಮ ಹಿಂದಿನ ಉತ್ತರ ಓದಿ ಬೇಜಾರಾಯ್ತು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಿಮ್ಮಂಥೋರಿಗೇ ಮಾಡಿದ್ದು. ನಮ್ಮ ಹಿರಿಯರು ಸಾವಿರಾರು ವರ್ಷ ಬಳಸಿದ್ದಾರೆ, ಯಾರೂ ಸತ್ತಿಲ್ಲ. ನಾಲ್ಕು ಇಂಗ್ಲಿಷ್ ಅಧ್ಯಯನ ಓದಿ ಹಿರಿಯರಿಗೆ ಬುದ್ಧಿ ಹೇಳ್ಬೇಡಿ.
- ಹಿರಿಯ ಓದುಗರು

ಉತ್ತರ: ಸಾರ್, ನಿಮ್ಮ ಸಿಟ್ಟು ಅರ್ಥ ಆಗುತ್ತೆ, ನಮ್ಮನೇಲೂ ಹನ್ನೆರಡು ಕುಂಡ ಇದೆ ಅಂದ್ನಲ್ಲ. ಆದ್ರೆ ಹಿರಿಯರ ಮಾತನ್ನೇ ಸರಿಯಾಗಿ ಕೇಳೋಣ. ಆಯುರ್ವೇದದ ಹಳೇ ಗ್ರಂಥ ಭಾವಪ್ರಕಾಶದ ನಿಘಂಟು ಕುಮಾರಿ, ಅಂದ್ರೆ ಇದೇ ಲೋಳೆಸರದ ಗುಣ ಹೇಳೋವಾಗ ಮೊದಲು ಹೇಳೋ ಪದವೇ "ಭೇದನೀ", ಭೇದಿ ಮಾಡಿಸೋದು ಅಂತ. ತಂಪು, ಕಹಿ ಅನ್ನೋದೆಲ್ಲ ಅದರ ಹಿಂದೆ. ಅವರಿಗೆ ಗೊತ್ತಿತ್ತು ಸಾರ್. ಗೊತ್ತಿದ್ದಕ್ಕೇ ಒಣಗಿಸಿದ ಹಳದಿ ರಸಕ್ಕೆ ಕರಿಬೋಳ ಅಂತ ಬೇರೆ ಹೆಸರಿದೆ, ಲೋಳೆಗೆ ಲೋಳೆ ಅಂತಾನೇ ಹೆಸರು. ಒಂದೇ ಎಲೆಯಿಂದ ಬಂದ ಎರಡಕ್ಕೆ ಎರಡು ಹೆಸರಿಟ್ಟವರು ಅದನ್ನ ಎರಡು ಮದ್ದು ಅಂತಾನೇ ನೋಡಿರ್ತಾರೆ ಅನ್ನೋದು ನನ್ನ ಅನಿಸಿಕೆ. ಗೊತ್ತಿರೋ ವೈದ್ಯರು ಕರಿಬೋಳ ಕೊಟ್ರೂ ರೋಗಿ ನೋಡಿ, ಅಳೆದು ಕೊಡೋದು. ದಿನಾ ಬೆಳಿಗ್ಗೆ ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ ದೊಡ್ಡ ಗ್ಲಾಸಲ್ಲಿ ಕುಡಿಯಿರಿ ಅಂದಿದ್ದು ಹಿರಿಯರಲ್ಲ, ವಿಡಿಯೋದವರು.

ಯಾರೂ ಸತ್ತಿಲ್ಲ ಅಂದ್ರಿ. ಲೋಳೆಸರದ ಜ್ಯೂಸ್, ಮಾತ್ರೆ ತಿಂಗಳುಗಟ್ಟಲೆ ತಗೊಂಡು ಲಿವರ್ ಊದಿ ಕಾಮಾಲೆ ಆದೋರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವಾರಿವೆ, ಬಿಟ್ಟ ಮೇಲೆ ಬಹಳಷ್ಟು ಜನ ಸುಧಾರಿಸ್ಕೊಂಡಿದ್ದಾರೆ ಅನ್ನೋದೇ ಸಮಾಧಾನ. ನನ್ನ ಜೊತೆ ಕೆಲಸ ಮಾಡ್ತಿದ್ದವರೊಬ್ರು ಹೀಗೇ ಕಣ್ಣು ಹಳದಿ ಮಾಡ್ಕೊಂಡು ಬಂದಿದ್ರು, ಕೌಂಟರ್ ಆಚೆ ನಿಂತು ಊರಿಗೆಲ್ಲ ಔಷಧಿ ಕೊಡೋರೇ, ಎಲ್ಲಾ ಟೆಸ್ಟ್ ಆದ ಮೇಲೆ ಡಾಕ್ಟರ್ ಮೂರನೇ ಸಲ ಕೇಳಿದಾಗ "ಓ, ಅದಾ, ಜ್ಯೂಸ್ ಅಷ್ಟೆ" ಅಂದ್ರು. ಬೈಯೋದಿದ್ರೆ ಇನ್ನೊಂದು ಕಾಗದ ಬರೀರಿ, ಅದನ್ನೂ ಹಾಕ್ತೀನಿ.

ಪ್ರಶ್ನೆ: ನನ್ನ ಗಿಡಕ್ಕೆ ದಿನಾ ತಪ್ಪದೆ ನೀರು ಹಾಕ್ತೀನಿ, ಆದ್ರೂ ಎಲೆ ಮೆತ್ತಗಾಗಿ ಬುಡ ಕಪ್ಪಾಗ್ತಿದೆ.

ಉತ್ತರ: ತಪ್ಪದೆ ಹಾಕ್ತೀರಲ್ಲ, ಅದೇ ತಪ್ಪು. ಮರುಭೂಮಿ ಕಡೆಯ ಗಿಡ ಇದು, ಮೂಲ ಅರೇಬಿಯಾ, ನೀರನ್ನ ಎಲೇಲೇ ಕೂಡಿಟ್ಕೊಂಡಿರುತ್ತೆ. ಬೇರು ಸದಾ ಒದ್ದೆ ಇದ್ರೆ ಕೊಳೆಯುತ್ತೆ. ಗಿಡ ಕಿತ್ತು ಮಣ್ಣು ಉದುರಿಸಿ, ಕಪ್ಪಾಗಿ ಮೆತ್ತಗಿರೋ ಬೇರೆಲ್ಲ ಕತ್ತರಿಸಿ ಹಾಕಿ, ನೆರಳಲ್ಲಿ ಮೂರ್ನಾಲ್ಕು ದಿನ ಹಾಗೇ ಬರಿ ನೆಲದ ಮೇಲೆ ಮಲಗಿಸಿ, ಗಾಯ ಒಣಗ್ಲಿ. ಪಕ್ಕದಲ್ಲಿ ಮರಿ ಎದ್ದಿದ್ರೆ ಅದನ್ನ ಬೇರು ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ, ದೊಡ್ಡದು ಹೋದ್ರೂ ವಂಶ ಉಳಿಯುತ್ತೆ. ಮರಳು ಜಾಸ್ತಿ ಇರೋ ಮಣ್ಣು, ತಳದಲ್ಲಿ ತೂತಿರೋ ಕುಂಡ. ನೆಟ್ಟ ಮೇಲೆ ಒಂದು ವಾರ ನೀರೇ ಬೇಡ, ಆಮೇಲೂ ಬೆರಳು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ಒಣಗಿದೆ ಅನ್ಸಿದ್ರೆ ಮಾತ್ರ ಹಾಕಿ. ಕೈ ಸುಮ್ನಿರಲ್ಲ ಅಂದ್ರೆ ಪಕ್ಕದಲ್ಲಿ ನೀರು ಕೇಳೋ ಬೇರೆ ಯಾವುದಾದ್ರೂ ಗಿಡ ಇಟ್ಕೊಳ್ಳಿ, ದಿನಾ ಅದಕ್ಕೆ ಹಾಕ್ತಿರಿ.